ಗುಲಾಬಿ ಪ್ರತಿ ಯಾರ ಕೈಲಿದೆ?

ನಮ್ಮ ಸರ್ಕಾರಕ್ಕೆ ಬಣ್ಣದ ಅಭಿರುಚಿ ಇಲ್ಲ ಎನ್ನುವವರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳನ್ನು ಒಮ್ಮೆ ತಿರುವಿ ಹಾಕಬೇಕು. ಕಾರ್ಖಾನೆಯ ವಿಷವನ್ನು ಟ್ಯಾಂಕರಿಗೆ ತುಂಬಿ ಸಾಗಹಾಕಬೇಕಾದರೆ ಏಳು ಪ್ರತಿಗಳ ಚಲನ್ ಬರೆಯಬೇಕು. ಬಿಳಿಯದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ಕಳಿಸಿದವನ ಕಡತಕ್ಕೆ, ಗುಲಾಬಿ ತೆಗೆದುಕೊಂಡವನ ಕಡತಕ್ಕೆ, ಕಿತ್ತಳೆ ಸಾಗಿಸಿದವನಿಗೆ, ಹಸಿರು ಮತ್ತೆ ಮಂಡಳಿಗೆ, ನೀಲಿ ತಿರುಗಿ ಕಳಿಸಿದವನಿಗೆ, ಸರಕು ರಾಜ್ಯದ ಗಡಿ ದಾಟಿದರೆ ಬೂದು ಕಳಿಸಿದವನ ರಾಜ್ಯದ ಮಂಡಳಿಗೆ. ಸೀರೆ ಅಂಗಡಿಯಲ್ಲೂ ಇಷ್ಟು ಶಿಸ್ತಾಗಿ ಬಣ್ಣ ವಿಂಗಡಿಸುವುದಿಲ್ಲ.

ಬಣ್ಣಗಳು ಕಾಗದದ ಮೇಲೇ ಉಳಿದಿದ್ದರೆ ನಮ್ಮ ತಕರಾರೇನೂ ಇರಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು; ಮುಖ್ಯಮಂತ್ರಿಗಳೇ ಬಂದು ಕಣ್ಣಾರೆ ನೋಡಿ ಹೋದರು. ಕಡತದಲ್ಲಿರಬೇಕಾದ ಗುಲಾಬಿ ಪ್ರತಿ ರಸ್ತೆಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಪಾರದರ್ಶಕ ಆಡಳಿತ ಎಂದರೆ ಬಹುಶಃ ಇದೇ ಇರಬೇಕು.

ತಳೋಜಾದಲ್ಲಿ ಇಂಥ ತ್ಯಾಜ್ಯವನ್ನು ಕಾಯ್ದೆಬದ್ಧವಾಗಿ ವಿಲೇವಾರಿ ಮಾಡುವ ಕೇಂದ್ರವಿದೆ. ಆದರೆ ಅಲ್ಲಿ ತೂಕ ಹಾಕುತ್ತಾರೆ, ಬಿಲ್ಲು ಕೊಡುತ್ತಾರೆ. ಅಂಬರನಾಥ, ಉಲ್ಲಾಸನಗರ, ಕಲ್ಯಾಣಗಳ ನಡುವೆ ಹರಿಯುವ ವಾಲ್ಧುನಿ ಹೊಳೆಗೆ ಆ ಕೆಟ್ಟ ಬುದ್ಧಿಯಿಲ್ಲ. 2014ರ ನವೆಂಬರ್ ಕೊನೆಯಲ್ಲಿ ಉಲ್ಲಾಸನಗರದ ಬಳಿ ರಾತ್ರಿಯ ಹೊತ್ತು ಟ್ಯಾಂಕರೊಂದು ತನ್ನ ಹೊಟ್ಟೆಯಲ್ಲಿದ್ದ ರಾಸಾಯನಿಕವನ್ನು ಅದಕ್ಕೆ ಸುರಿದು ಹಗುರಾಯಿತು. ಬೆಳಗಾಗುವಷ್ಟರಲ್ಲಿ ದಡದ ನೂರಾರು ಜನ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದರು. ಸರಕು ತಲುಪಬೇಕಾದವರಿಗೆ ತಲುಪಿತ್ತು. ಸಹಿ ಹಾಕಿಸಿಕೊಳ್ಳುವುದೊಂದು ಬಾಕಿ.

ಇನ್ನು ಡ್ರೈವರನ ವಿಚಾರ. ಇವನ ಮೇಲೆ ಕಾನೂನಿಗೆ ಅಪಾರ ನಂಬಿಕೆ. ಕೇಂದ್ರ ಮೋಟಾರು ವಾಹನ ನಿಯಮ 9ರ ಪ್ರಕಾರ ಅಪಾಯಕಾರಿ ಸರಕಿನ ಲಾರಿ ಓಡಿಸುವವನಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯೂ ಇಂಗ್ಲಿಷೂ ಓದಿ ಬರೆಯಲು ಬರಬೇಕು. ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನ ಮೇಲೆ ಬರೆಸಿಕೊಳ್ಳಬೇಕು. ಮಂತ್ರಿಯಾಗಲು ಈ ಯಾವ ಉಪದ್ರವವೂ ಇಲ್ಲ. ನಿಯಮ 134 ಟ್ಯಾಂಕರಿನ ಮೂರು ಕಡೆ ಫಲಕ ಬೇಕೆನ್ನುತ್ತದೆ: ರಾಸಾಯನಿಕದ ಹೆಸರು 50 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ವಿಶ್ವಸಂಸ್ಥೆ ಅದಕ್ಕೆ ಕೊಟ್ಟ ಸಂಖ್ಯೆ 100 ಮಿಲಿಮೀಟರಿನಲ್ಲಿ, ಜೊತೆಗೆ ತುರ್ತು ಫೋನ್ ನಂಬರು. ಇದನ್ನು ಬರೆಸಿರುವುದು ಡ್ರೈವರನಿಗಾಗಿ ಅಲ್ಲ. ಟ್ಯಾಂಕರ್ ಮಗುಚಿದಾಗ ಓಡಿ ಬರುವ ಪೊಲೀಸು, ಅಗ್ನಿಶಾಮಕದವರಿಗಾಗಿ. ಅವರಿಗೆ ಮೂರು ದಿನದ ತರಬೇತಿ ಕಡ್ಡಾಯ ಎಂದು ಈ ನಿಯಮದಲ್ಲಿ ಬರೆದಿಲ್ಲ. ಹಾಗೆಂದು ಲಾರಿಯ ಹಿಂಭಾಗವನ್ನು ಸರ್ಕಾರ ಓದುವುದೇ ಇಲ್ಲ ಎಂದರೆ ಅನ್ಯಾಯವಾದೀತು. 2015ರಲ್ಲಿ ಮಹಾರಾಷ್ಟ್ರ ಸಾರಿಗೆ ಇಲಾಖೆ ಅಲ್ಲಿದ್ದ ‘ಹಾರ್ನ್ ಓಕೆ ಪ್ಲೀಸ್’ ಅನ್ನು ಓದಿ ನಿಷೇಧಿಸಿತು.

ಟಿಟ್ವಾಳಾದ ಮಹಾಗಣಪತಿಗೆ ಗಾಡಿ ಪೂಜೆಗೆ ಬಂದ ಟ್ಯಾಂಕರೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಂಪರಿಗೆ ನಿಂಬೆ, ಮೆಣಸಿನಕಾಯಿ. ಬೆಂಕಿ ಆರಿಸುವ ಸಿಲಿಂಡರ್ ಕಳುವಾಗದಂತೆ ಮೂರು ಸುತ್ತು ತಂತಿ ಬಿಗಿದು ಕಟ್ಟಿದ್ದಾರೆ. ಬಿಚ್ಚಲು ಇಕ್ಕಳ ಬೇಕು. ಪಕ್ಕದ ಫಲಕದ ಮೂಲೆ ಕಿತ್ತು ಬಂದು ಅಡಿಯಲ್ಲಿ ಹಳೆಯ ಸರಕಿನ ನಂಬರು 1830 ಇಣುಕುತ್ತಿತ್ತು. ಅಂದರೆ ಗಂಧಕಾಮ್ಲ. ಡ್ರೈವರ್ ಇಂಡಿ ಕಡೆಯವನು. ಕನ್ನಡ ಕೇಳಿ ಮುಖ ಅರಳಿತು.

“ಈಗ ಒಳಗ ಏನೈತಿ?” ಎಂದೆ.

“ಈಗ ಖಾಲಿ ಐತ್ರಿ ಸರ. ತುಂಬಿದ್ರ ಏನೈತಿ ಅನ್ನೂದು ಸರಕಿನ ಜೋಡಿ ಕೊಡೂ ಕಾರ್ಡಿನ್ಯಾಗ ಇರತೈತಿ.”

“ಸೋರಿದ್ರ?”

“ಗಾಳಿ ಎತ್ತಾಗಿಂದ ಬರಾಕತ್ತೈತಿ ನೋಡೂದು, ಆ ಕಡೆ ಓಡೂದು. ಮಂದೀನೂ ಅತ್ತಾಗs ಕಳಸೂದು. ಬೀಡಿ, ಮೊಬೈಲು ಬಂದ್. ಆಮ್ಯಾಲೆ ಪೊಲೀಸ್ರಿಗೆ ಫೋನ್ರಿ.”

ಇಷ್ಟನ್ನು ಇಷ್ಟು ಸರಿಯಾಗಿ ಹೇಳಬಲ್ಲ ಒಬ್ಬ ಅಧಿಕಾರಿ ನನಗೆ ಇನ್ನೂ ಸಿಕ್ಕಿಲ್ಲ. ಜನನಿಬಿಡ ಜಾಗದಲ್ಲಿ ಗಾಡಿ ನಿಲ್ಲಿಸಬಾರದು ಎಂಬುದೂ ಅವನಿಗೆ ಗೊತ್ತು. ಆದರೆ ಅಂಗಾರಕಿ ಚತುರ್ಥಿಯ ದಿನ ನಾಕಾದಲ್ಲಿ ಸೀಟಿ ಊದಿ, ಲಕ್ಷಾಂತರ ಭಕ್ತರ ಪಕ್ಕದಲ್ಲೇ ಅವನನ್ನು ನಿಲ್ಲಿಸುವವರಿಗೆ ಗೊತ್ತಿರಬೇಕಲ್ಲ?

ಟಿಟ್ವಾಳಾದಿಂದ ಕಲ್ಯಾಣದ ಕಡೆ ಲೋಕಲ್ ಹಿಡಿದರೆ ಆಂಬಿವಲಿ ಬಿಟ್ಟು ಮುಂದಿನ ಸ್ಟೇಷನ್ ಶಹಾಡ. 2023ರ ಸೆಪ್ಟೆಂಬರ್ 23ರಂದು, ಗಣೇಶೋತ್ಸವದ ಐದನೇ ದಿನ, ಅಲ್ಲಿನ ರೇಯಾನ್ ಕಾರ್ಖಾನೆಯೊಳಗೆ ಟ್ಯಾಂಕರ್ ಸಿಡಿದು ಕಾರ್ಮಿಕರು ಸತ್ತರು. ಅಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ 46 ಡಿಗ್ರಿಗೆ ಕುದಿಯುತ್ತದೆ. ಕಿಡಿಯೇ ಬೇಡ, 90 ಡಿಗ್ರಿ ಆಸುಪಾಸಿನ ಬಿಸಿ ಕೊಳವೆ ತಾಗಿದರೂ ಹೊತ್ತಿಕೊಳ್ಳುತ್ತದೆ. ಚಹಾ ಕುದಿಯುವುದಕ್ಕೂ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಅದಕ್ಕೇ ತುಂಬುವ ಮೊದಲು ಟ್ಯಾಂಕರಿನ ಗಾಳಿಯನ್ನು ನೈಟ್ರೋಜನ್ ಬಿಟ್ಟು ಹೊರಹಾಕುತ್ತಾರೆ. ಆ ಕೆಲಸದಲ್ಲಿ ಕೂದಲೆಳೆಯಷ್ಟು ಎಡವಿದರೂ ನಿಂಬೆಹಣ್ಣಿನಿಂದ ಏನೂ ಆಗುವುದಿಲ್ಲ.

ಮೋಟಾರು ವಾಹನ ನಿಯಮಗಳಲ್ಲಿ ಒಂದು ಸೊಗಸಾದ ಸಾಲು ಇದೆ. 131 ಸರಕು ಕಳಿಸುವವನ ಹೊಣೆ, 132 ಗಾಡಿ ಮಾಲೀಕನ ಹೊಣೆ, 133 ಡ್ರೈವರನದು. ಪತ್ರಿಕೆಗಳ ವರದಿ ಮಾತ್ರ ಯಾವಾಗಲೂ 133ರಿಂದಲೇ ಶುರುವಾಗುತ್ತದೆ: “ಚಾಲಕನ ನಿಯಂತ್ರಣ ತಪ್ಪಿ...” 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಮನೆಮಂದಿ ಸುಟ್ಟುಹೋದರು; ಆಗಲೂ ಊರೆಲ್ಲ ಆಡಿದ್ದು ಸ್ಟೀರಿಂಗಿನ ಮಾತು. ಟ್ರಿಪ್ಪಿಗಿಷ್ಟು ಎಂದು ಕೂಲಿ ಗೊತ್ತುಮಾಡಿ, ಬೆಳಗಾಗುವುದರೊಳಗೆ ತಲುಪಬೇಕೆಂದು ಫೋನಿನಲ್ಲಿ ಗದರುವವನ ಕೈ ಆ ಸ್ಟೀರಿಂಗಿನ ಮೇಲೆ ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಇನ್ನೊಂದು ಪರಿಹಾರವೂ ಇದೆ. 2016ರ ಮೇ 26, 2024ರ ಮೇ 23: ಡೊಂಬಿವಲಿಯ ಎರಡು ಮೇ ತಿಂಗಳುಗಳಲ್ಲಿ ಎರಡು ಕಾರ್ಖಾನೆ ಸಿಡಿದು ಜನ ಸತ್ತ ಮೇಲೆ, ಅಪಾಯಕಾರಿ ಘಟಕಗಳನ್ನು ಪಾತಾಳಗಂಗಾ ಕಡೆಗೆ ಎತ್ತಂಗಡಿ ಮಾಡುವ ಮಾತು ಮತ್ತೆ ಮತ್ತೆ ಕೇಳುತ್ತಿದೆ. ಹೆಸರಿಗೆ ತಕ್ಕ ಜಾಗ. ಕಾರ್ಖಾನೆ ಹೋದರೂ ಸರಕು ರಸ್ತೆಯಲ್ಲೇ ಓಡಾಡಬೇಕಲ್ಲ, ಈಗಿನದಕ್ಕಿಂತ ದೂರ? ನಮ್ಮ ಇಂಡಿಯ ಡ್ರೈವರನಿಗೆ ಈ ಯೋಜನೆ ವಿವರಿಸಿ ಹೇಳಿದೆ. ಅವನು ಪ್ರಸಾದದ ಪೇಢೆ ಬಾಯಿಗಿಟ್ಟುಕೊಂಡು ಕೇಳಿದ:

“ಹಂಗಾದ್ರ ಭಾಡಾ ಹೆಚ್ಚು ಮಾಡ್ತಾರೇನ್ರಿ?”