ಘಾಟಿನ ವ್ಯಾಪಾರ

ವ್ಯಾಪಾರದ ಲೆಕ್ಕವನ್ನು ರಾತ್ರಿ ಹನ್ನೊಂದರ ಮೇಲೆ ಹಾಕಬೇಕು. ಆ ಹೊತ್ತಿನಲ್ಲಿ ಎಲ್ಲ ವ್ಯಾಪಾರವೂ ಲಾಭದಲ್ಲೇ ಇರುತ್ತದೆ. ಖಾರದ ಸಾಸ್ ಮಾರಿ ಬೊಮ್ಮನಹಳ್ಳಿಯಲ್ಲಿ ಸ್ವಂತ ಮನೆ ಕಟ್ಟುವ ನನ್ನ ಯೋಜನೆ ಅಂಥದೊಂದು ರಾತ್ರಿಯದು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಕೂಡದೆಂದು ಸರಕಾರ 2024ರ ಮಾರ್ಚ್‌ನಲ್ಲಿ ಹೇಳಿತಲ್ಲ, ಬೇಗೂರು ರಸ್ತೆಯ ಗಾಡಿಗಳ ಗೋಬಿಯೆಲ್ಲ ಬಾಣಂತಿಯಂತೆ ಬಿಳಿಚಿಕೊಂಡಿತ್ತು. ಲಿಪ್‌ಸ್ಟಿಕ್ಕಿಗೇ ಕೆಂಪು ಕೊಡುವ, 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ನಮ್ಮಲ್ಲಿರುವಾಗ ಈ ಬಡತನವೇಕೆ?

ಹೆಂಡತಿ ಹಾವೇರಿ ಕಡೆಯವಳು. "ಇದಕ್ಕ ನಮ್ಮಲ್ಲಿ ರಂಜಕ ಅಂತಾರ. ರೊಟ್ಟಿ ಜೋಡಿ ಪುಗಸಟ್ಟೆ ಹಾಕ್ತಾರ" ಎಂದಳು. ಉದ್ಯಮಿಗಳು ಇಂಥ ಮಾತಿಗೆ ಕಿವಿಗೊಡುವುದಿಲ್ಲ.

ಆಹಾರ ಸುರಕ್ಷತೆಯ ನೋಂದಣಿ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು, ಅದಕ್ಕೇ ಮರುಳಾದೆ. ಅಮೆರಿಕದ ಲೂಸಿಯಾನದಲ್ಲಿ 1868ರಿಂದ ಇರುವ ಟಬಾಸ್ಕೊದವರು ಅರೆದ ಮೆಣಸಿನಕಾಯಿಯನ್ನು ಓಕ್ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಹುಳಿಯಲು ಬಿಡುತ್ತಾರೆ. ನನ್ನ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಹಾಗಾಗಿ ಕುದಿಸಿದೆ.

ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಕುದಿವ ಬಾಣಲೆಗೆ ವಿನಿಗರ್ ಸುರಿದಾಗ ಎದ್ದ ಘಾಟು ಎಕ್ಸಾಸ್ಟ್ ಫ್ಯಾನಿನಿಂದ ಡಕ್ಟಿಗಿಳಿದು, ಒಂದು ಕ್ಷಣ ಯೋಚಿಸಿ, ಮೇಲಕ್ಕೆ ಹೊರಟಿತು. ಮೂರನೇ ಮಹಡಿಯಲ್ಲಿ ಮದುವೆ ಮಾತುಕತೆ. ತಾಂಬೂಲದ ತಟ್ಟೆ ಇನ್ನೇನು ಕೈ ಬದಲಿಸಬೇಕು, ಗಂಡಿನ ದೊಡ್ಡಪ್ಪ ಸೀನಿದರು. ಒಂಟಿ ಸೀನು! ತಟ್ಟೆ ಗಾಳಿಯಲ್ಲೇ ನಿಂತಿತು. ಹೆಣ್ಣಿನ ತಾಯಿಯ ಕಣ್ಣಲ್ಲಿ ನೀರು. ಅದು ದುಃಖಕ್ಕಲ್ಲ, ಗುಂಟೂರಿಗೆ. ಬೀಗರಿಗೆ ಗೊತ್ತಾಗುವುದು ಹೇಗೆ? ಅವರೂ ಅತ್ತರು. ಅಷ್ಟರಲ್ಲಿ ಹೆಣ್ಣು ಸೀನಿದಳು, ಗಂಡು ಸೀನಿದ, ಕಾಫಿ ತಂದ ಅತ್ತಿಗೆ ಟ್ರೇ ಸಮೇತ ಸೀನಿದಳು. ಎಲ್ಲರ ಕಣ್ಣೂ ಪುರೋಹಿತರತ್ತ. ಅವರು ಶಲ್ಯದಿಂದ ಮೂಗು ಮುಚ್ಚಿಕೊಂಡು, ಬೆರಳು ಮಡಿಸಿ ಎಣಿಸಿ, "ಒಂಟಿ ಸೀನಿಗೆ ಮಾತ್ರ ದೋಷ. ಒಂಬತ್ತು ಸೀನಿಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ" ಎಂದು ತೀರ್ಪಿತ್ತು, ತಾವೂ ಒಂದು ಸೇರಿಸಿದರು. ಮದುವೆ ನಿಶ್ಚಯವಾಯಿತು. ಇಷ್ಟನ್ನೂ ನನಗೆ ವರ್ಣಿಸಿದವರು ಬೈಯಲೆಂದು ಕೆಳಗಿಳಿದು ಬಂದ ಹೆಣ್ಣಿನ ತಂದೆ. ಹೋಗುವಾಗ ಎರಡು ಬಾಟಲಿ ಒಯ್ದರು. ದುಡ್ಡು ಕೊಡಲಿಲ್ಲ.

ದುಡ್ಡು ಯಾರೂ ಕೊಡಲಿಲ್ಲ ಎನ್ನಿ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಓಡತೊಡಗಿದ ಮೇಲೆ ಬ್ಯಾಗಿನ ತುಂಬ ಬಾಟಲಿ ಹೊತ್ತು ಎಲೆಕ್ಟ್ರಾನಿಕ್ ಸಿಟಿಯ ಗೆಳೆಯರಿಗೆ ಹಂಚಿದೆ. "ಸೂಪರ್ ಗುರೂ, ದೊಡ್ಡದಾಗಿ ಮಾಡು" ಎಂದು ಬೆನ್ನು ತಟ್ಟುವ ಕೈ ಜೇಬಿನ ಕಡೆ ಹೋಗುವುದೇ ಇಲ್ಲ. ಇವರ ಹೊಗಳಿಕೆಗಿಂತ ಗೋಬಿಯವನ ಮಾತೇ ವಾಸಿ. ಚಮಚೆ ನೆಕ್ಕಿ, ರೇಟು ಕೇಳಿ, "180ಕ್ಕೆ ನಾನು ಮೂರು ಪ್ಲೇಟು ಗೋಬಿನೇ ಕೊಡ್ತೀನಿ ಸಾರ್" ಎಂದು ತನ್ನ ಐದು ಲೀಟರಿನ ಕ್ಯಾನಿನತ್ತ ತಿರುಗಿದ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪಿನವರು ಮಾರಿದ್ದರಲ್ಲಿ ಮೂರನೇ ಒಂದು ಪಾಲು ಕೇಳಿದರು. ಬಾಟಲಿಗೆ 18, ಲೇಬಲ್ಲಿಗೆ 5, ಮೇಲೆ ಕೊರಿಯರ್. ಒಳಗಿನ ಮೆಣಸಿನಕಾಯಿಗೆ 4.

ಗೋಬಿಯ ಬಣ್ಣ ಹೋದ ಅದೇ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿತ್ತು. ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಹೆಂಡತಿಯ ಸೋದರಮಾವ ಅಂದು ಚೀಲಗಳ ಜೊತೆ ಅಲ್ಲೇ ಇದ್ದರು. ಆ ಮಾತನ್ನು ಅವರು ನಮ್ಮೆದುರು ಎತ್ತುವುದಿಲ್ಲ. ಮೊನ್ನೆ ಫೋನಿನಲ್ಲಿ ನನ್ನ ವ್ಯಾಪಾರ ವಿಚಾರಿಸಿದರು.

"ಒಂದ್ ಬಾಟ್ಲ್ಯಾಗ ಮೆಣಸಿನಕಾಯಿ ಎಷ್ಟರದು ಹೋಗತೈತ್ರಿ?"

"ನಾಲ್ಕು ರೂಪಾಯಿದು, ಮಾವ."

"ಬಾಟ್ಲಿ?"

"ಹದಿನೆಂಟು."

"ಹಂಗಾರ ಮುಂದಿನ ವರ್ಷ ಹೊಲದಾಗ ಬಾಟ್ಲೀನ ಬಿತ್ತತೇನ್ರಿ, ಅಳಿಯಂದ್ರ."