ಸಿಂಗಪುರದ ಹಡಗು ಹತ್ತಿ ಇಳಿದ ಸಾಹುಕಾರ ದಂಪತಿಗೆ ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ, ಆಸೀನರಾಗಲು ಕುರ್ಚಿ ಸಾಲದೆ ಪಕ್ಕದಲ್ಲಿ ನಿಂತಿರುವ, ಊಟಕ್ಕೆ ಕರೆಯುವವರೆಗೂ ಹೊರಗೆ ಎಲೆಅಡಿಕೆ ಹಾಕುತ್ತಿರುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಮಸ್ತ ಮಹಾಜನಗಳೇ,

ಸಮುದ್ರೋಲ್ಲಂಘನ ಧೀರರೂ, ಮೇಲಿನ ಡೆಕ್ಕಿನ ಅಧೀಶ್ವರರೂ, ಮಧ್ಯರಾತ್ರಿಯ ಬಫೆ ಭೀಮರೂ, ರಾಣೆಬೆನ್ನೂರಿನ ಬೀಜ-ಗೊಬ್ಬರದ ವರ್ತಕರೂ ಆದ ನಮ್ಮ ಸಾಹುಕಾರರಿಗೆ, ಹಾಗೂ ಬ್ಯಾಡಗಿಯ ದಲಾಲಿ ಮನೆತನದಲ್ಲಿ ಹುಟ್ಟಿ, ಹಡಗಿನ ಬಿಲ್ಲಿಗೇ ಬೆವರು ಬರಿಸಿದ ಅಕ್ಕಾರಿಗೆ ಮೂರೂರಿನ ಗೆಳೆಯರು ಅರ್ಪಿಸುವ ಬಿನ್ನವತ್ತಳೆ ಇದು. ಚೌಕಟ್ಟು ಹಾಕಿಸಿದ್ದೇವೆ. ಗಾಜು ಕೂಡ ನಿಜವಾದದ್ದೇ.

ಮಹನೀಯರೇ, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ನಮ್ಮದೇ ಜಿಲ್ಲೆಯಾದಾಗ ತುಂಗಭದ್ರೆ ನಮ್ಮ ಪಾಲಿಗೆ ಬಂದಳು, ವರದೆ ಬಂದಳು. ಸಮುದ್ರ ಮಾತ್ರ ಕಾರವಾರದವರ ಕಡೆಯೇ ಉಳಿಯಿತು. ಅದಕ್ಕೆ ಎದೆಗುಂದಬೇಕಾಗಿಲ್ಲ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ, ಹಾರವಾಗಿ ಹೆಸರು ಮಾಡುವುದು ಹಾವೇರಿಯಲ್ಲಿ. ಹಾಗಿರುವಾಗ ಹಡಗು ತೇಲುವುದು ಎಲ್ಲೋ, ಅದರ ವರ್ಣನೆ ನಡೆಯುವುದು ರಾಣೆಬೆನ್ನೂರಿನ ಅಂಗಡಿಕಟ್ಟೆಯಲ್ಲಿ ಎಂದಾದರೆ ತಪ್ಪೇನು? ಇಂದು ತಮ್ಮ ಕೊರಳಲ್ಲಿರುವ ಏಲಕ್ಕಿ ಹಾರ ಆ ತರ್ಕಕ್ಕೇ ಸಂದ ಗೌರವ.

ಈ ಯಾತ್ರೆಯ ಮೂಲ ಎಲ್ಲರಿಗೂ ಗೊತ್ತು. ಟಾರ್ಗೆಟ್ ಮುಟ್ಟಿಸಿದ ಡೀಲರಿಗೆ ಕಂಪನಿಯವರು ಟೂರ್ ಕೊಡುವುದು ನಮ್ಮ ಪೇಟೆಯ ಹಳೆಯ ಪದ್ಧತಿ. ಮೊದಲು ಗೋವಾ ಇತ್ತು, ಆಮೇಲೆ ಬ್ಯಾಂಕಾಕ್ ಬಂತು, ಈಗ ಹಡಗು. ಸಾಹುಕಾರರು ಗೋವಿನಜೋಳದ ಬೀಜ ಮಾರಿ ಒಂದು ಸೀಟು ಗೆದ್ದರು. “ನೀವೊಬ್ರ ಹೋಗಿ ಬರ್ರಿ, ಮನ್ಯಾಗ ನಾ ಇರ್ತೇನಿ” ಎಂದರು ಅಕ್ಕಾರು. ಅಂದ ಧಾಟಿ ಕೇಳಿಯೇ ಸಾಹುಕಾರರು ಎರಡನೆಯ ಸೀಟು ಹುಡುಕಲು ಹೊರಟರು. ಅಷ್ಟರಲ್ಲಿ ಏಜೆಂಟನಿಂದ ಮೊಬೈಲಿಗೆ ಜಾಹೀರಾತು ಬಂತು: ಒಬ್ಬರು ಬುಕ್ ಮಾಡಿದರೆ ಜೊತೆಗಾರರಿಗೆ ಉಚಿತ, ಇಂದೇ ಕೊನೆಯ ದಿನ.

ಇಲ್ಲಿಂದ ಮುಂದಿನದು ಅಕ್ಕಾರ ಪ್ರತಾಪ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹಾಕಿದ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ: ದರ ಪಟ್ಟಿಯ ಮೇಲ್ಗಡೆ ಇರುತ್ತದೆ, ಕೈಗೆ ಬರುವ ದುಡ್ಡು ಕೊನೆಯ ಸಾಲಿನಲ್ಲಿರುತ್ತದೆ, ನಡುವೆ ಹಮಾಲಿ, ತೂಕ ಎಂದು ಏನೇನೋ ಕೂತಿರುತ್ತವೆ. ಅಕ್ಕಾರು ಏಜೆಂಟ್ ಕಳಿಸಿದ ಕಾಗದವನ್ನು ಅಪ್ಪನ ಅಂಗಡಿಯ ಪಟ್ಟಿ ಓದಿದ ಹಾಗೆ ಕೆಳಗಿನಿಂದ ಮೇಲಕ್ಕೆ ಓದಿದರು. “ಫ್ರೀ ಅಂದಮ್ಯಾಲೆ ನನ್ನ ಹೆಸರಿನ ಮುಂದ ಇದೇನ್ರೀ ಇಷ್ಟ?” ಎಂದು ಕೇಳಿದ್ದು ಆಗಲೇ. ಉಚಿತವಾದದ್ದು ಟಿಕೆಟ್ಟಿನ ಮೂಲ ದರ ಮಾತ್ರ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಗೆ ಕೊಡುವ ಭಕ್ಷೀಸು ತಲೆಗಿಷ್ಟರಂತೆ ಇಬ್ಬರಿಗೂ ಇದ್ದವು. ಭಕ್ಷೀಸನ್ನು ಬಹಳಷ್ಟು ಹಡಗಿನವರು ದಿನಕ್ಕೆ, ತಲೆಗೆ ಇಷ್ಟೆಂದು ತಾವೇ ಲೆಕ್ಕಕ್ಕೆ ಏರಿಸಿಬಿಡುತ್ತಾರೆ. ಮನಸ್ಸಿಗೆ ಬಂದಷ್ಟು ಕೊಟ್ಟರಾಯಿತು ಎಂದುಕೊಂಡವರು ಕೊನೆಯ ದಿನ ಮನಸ್ಸನ್ನು ಹುಡುಕಬೇಕಾಗುತ್ತದೆ.

‘ಮಕ್ಕಳಿಗೆ ಉಚಿತ’ ಎಂಬುದನ್ನೂ ಹೀಗೇ ಓದಬೇಕು. ಸಾಮಾನ್ಯವಾಗಿ ಅದು ಒಂದೇ ಕೋಣೆಯ ಮೂರನೆಯ, ನಾಲ್ಕನೆಯ ಹಾಸಿಗೆಗೆ ಅನ್ವಯ. ಒಬ್ಬರೇ ಹೊರಟವರಿಗೂ ಇಬ್ಬರ ಲೆಕ್ಕದಲ್ಲೇ ದರ ಹಾಕುವುದು ಈ ವ್ಯಾಪಾರದ ರೂಢಿ, ಏಕೆಂದರೆ ಅವರು ಮಾರುವುದು ಕೋಣೆಯನ್ನು, ಕುರ್ಚಿಯನ್ನಲ್ಲ. ‘ಇಂದೇ ಕೊನೆಯ ದಿನ’ ಎಂಬ ಆಫರ್ ಮರುವಾರ ಬೇರೆ ಹೆಸರಿನಲ್ಲಿ ಹುಟ್ಟಿ ಬರುವುದನ್ನು ಅಕ್ಕಾರು ಕಣ್ಣಾರೆ ಕಂಡರು. ಪೂರ್ತಿ ಹಣ ಕಟ್ಟುವ ಗಡುವಿನ ಒಳಗೆ ದರ ಇಳಿದರೆ, ಬಾಯಿಬಿಟ್ಟು ಕೇಳಿದವರಿಗೆ ಕೆಲವು ಕಂಪನಿಗಳು ಇಳಿಸಿಕೊಡುತ್ತವೆ ಎಂಬುದನ್ನೂ ಅವರು ಕೇಳಿಯೇ ತಿಳಿದರು. ವಿದೇಶ ಪ್ರವಾಸದ ಪ್ಯಾಕೇಜಿಗೆ ಏಜೆಂಟ್ ಸೇರಿಸುವ ಟಿಸಿಎಸ್ ಎಂಬ ಬಾಬತ್ತು ಮಾತ್ರ ಹೋದ ದುಡ್ಡಲ್ಲ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುವ ಮುಂಗಡ ತೆರಿಗೆ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಾಹುಕಾರರು ರಿಟರ್ನ್ಸ್ ಸಲ್ಲಿಸುತ್ತಾರೆ ಎಂಬುದನ್ನು ಈ ಸಭೆ ಹೆಮ್ಮೆಯಿಂದ ನಂಬುತ್ತದೆ.

ಇನ್ನು ಗ್ಯಾರಂಟಿ. ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಅಂದರೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಹಡಗಿನ ‘ಗ್ಯಾರಂಟಿ ಕ್ಯಾಬಿನ್’ ಅಂದರೆ ಕೋಣೆ ಸಿಗುವುದು ಗ್ಯಾರಂಟಿ, ಎಲ್ಲಿ ಎಂಬುದು ಅವರಿಷ್ಟ. ದರ ಅಗ್ಗ, ಆದರೆ ತಲೆಯ ಮೇಲೆ ಡಿಸ್ಕೊ ಕುಣಿತದ ಅಂಕಣ ಬಂದರೆ ತುಟಿ ಬಿಚ್ಚುವ ಹಾಗಿಲ್ಲ. ತಲೆಸುತ್ತು, ವಾಂತಿಯ ಭಯವಿರುವವರು ನಾಲ್ಕು ಕಾಸು ಹೆಚ್ಚಾದರೂ ಕೆಳಗಿನ ಅಂತಸ್ತಿನಲ್ಲಿ ಹಡಗಿನ ನಡುಮಧ್ಯದ ಕೋಣೆಯನ್ನೇ ಹಿಡಿಯಬೇಕು, ಅಲ್ಲಿ ತೂಗಾಟ ಕಡಿಮೆ. ಕಿಟಕಿಯಿಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಅದರಲ್ಲಿ ಬೆಳಗಾದದ್ದು ಗೊತ್ತಾಗುವುದಿಲ್ಲ. ಸಾಹುಕಾರರಿಗೆ ಮನೆಯಲ್ಲೂ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಅದೇ ಸಾಕಾಯಿತು.

ಹೆಸರಿನ ವಿಷಯವನ್ನು ಈ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳು ಇಂಗ್ಲಿಷಿನಲ್ಲಿ ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ ಇರುತ್ತವೆ. ಟಿಕೆಟ್ ಪಾಸ್‌ಪೋರ್ಟಿನಂತೆಯೇ ಇರಬೇಕು, ಪಾಸ್‌ಪೋರ್ಟಿಗೆ ಆರು ತಿಂಗಳ ಆಯಸ್ಸು ಉಳಿದಿರಬೇಕು. ಇನ್ನೊಂದು: ಸಿಂಗಪುರದಿಂದ ಹೊರಟು, ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಸಿಂಗಪುರಕ್ಕೇ ಮರಳುವ ಹಡಗಾದರೆ, ಎರಡನೆಯ ಸಲ ಒಳಗೆ ಬಿಟ್ಟುಕೊಳ್ಳುವ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವನ ಗತಿ ಏನಾದೀತೆಂದು ಸಾಹುಕಾರರು ಏಜೆಂಟನನ್ನು ಕೇಳಿದರು. ಆತ ಉತ್ತರ ಹೇಳದೆ ನಕ್ಕನಂತೆ.

ಪೆಟ್ಟಿಗೆಯಲ್ಲಿ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಇಟ್ಟುಕೊಳ್ಳಬೇಡಿ, ತೆಗೆದಿಟ್ಟುಕೊಳ್ಳುತ್ತಾರೆ. ಊದಿನಕಡ್ಡಿ ಹಚ್ಚುವ ಹಾಗಿಲ್ಲ. ಹಡಗಿನಲ್ಲಿ ಬೆಂಕಿಯೆಂದರೆ ಸುತ್ತ ನೀರಿದ್ದೂ ಓಡಿಹೋಗಲು ಜಾಗವಿಲ್ಲ. ದೊಡ್ಡ ಪೆಟ್ಟಿಗೆಗಳು ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗುತ್ತದೆ, ಆದ್ದರಿಂದ ಗುಳಿಗೆ, ಒಂದು ಜೊತೆ ಬಟ್ಟೆ, ಕಾಗದಪತ್ರ ಕೈಚೀಲದಲ್ಲಿರಲಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹುತೇಕ ಹಡಗಿನವರು ಒಪ್ಪುವುದಿಲ್ಲ, ಸೀಲ್ ಇರುವ ಪೊಟ್ಟಣವಾದರೆ ಕೆಲವರು ಬಿಡುತ್ತಾರೆ. ಅಕ್ಕಾರ ಖಡಕ್ ರೊಟ್ಟಿಯ ಗಂಟು ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ದುಂಡಗೆ, ಒಂದರ ಮೇಲೊಂದು ಮೂಡಿದಾಗ ಕಾವಲುಗಾರ ಹುಡುಗಿ ಇನ್ನಿಬ್ಬರನ್ನು ಕರೆದಳು. ಮೂವರೂ ಬಗ್ಗಿ ನೋಡಿದರು. ಒಬ್ಬಳು ಬೆರಳಿನಿಂದ ತಟ್ಟಿದಳು, ಟಕ್ ಎಂದಿತು. ಇದು ಆಹಾರ ಎಂದು ನಂಬಿಸಲು ಸಾಹುಕಾರರು ಅಲ್ಲಿಯೇ ಒಂದನ್ನು ಮುರಿದು ತಿಂದು ತೋರಿಸಿದರು. ಆಹಾರ ಎಂದು ಸಿದ್ಧವಾಯಿತು. ಹಾಗಾಗಿ ಉಳಿದವು ಒಳಗೆ ಹೋಗಲಿಲ್ಲ.

ಹಡಗು ಹೊರಡುವ ಮುನ್ನ ಅಪಾಯದ ಕವಾಯತು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಬಂದರೆ ಎಲ್ಲರೂ ಗೊತ್ತುಪಡಿಸಿದ ಜಾಗಕ್ಕೆ ಬರಬೇಕು. ಇದನ್ನು ತಪ್ಪಿಸಿಕೊಳ್ಳುವುದು ಜಾಣತನವಲ್ಲ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿದಾಗ, ಅಂದೇ ಹತ್ತಿದ ಎಷ್ಟೋ ಜನಕ್ಕೆ ಕವಾಯತು ಇನ್ನೂ ಆಗಿರಲಿಲ್ಲ. 32 ಜನ ಸತ್ತರು. ಆಮೇಲೆ ನಿಯಮ ಬಿಗಿಯಾಯಿತು. ಈ ಒಂದು ವಿಷಯದಲ್ಲಿ ಅಣಕ ಬೇಡ, ಮುಂದೆ ಹೋಗೋಣ.

ಈಗ ಇಂಟರ್ನೆಟ್ ಅಧ್ಯಾಯ. ಮಹನೀಯರೇ, ಸಾಹುಕಾರರು ಇಲ್ಲಿ ಪಟ್ಟ ಪಾಡು ಸಣ್ಣದಲ್ಲ. ರೇಲಿಂಗಿಗೆ ಒರಗಿ, ಕಪ್ಪು ಕನ್ನಡಕ ಹಾಕಿ ತೆಗೆಸಿಕೊಂಡ ಫೋಟೊವನ್ನು ಸ್ಟೇಟಸ್ಸಿಗೆ ಹಾಕಲು ಹೋದರು. ಬಿಳಿ ಚಕ್ರ ತಿರುಗಿತು. ಊಟ ಮುಗಿಸಿ ಬಂದರೂ ತಿರುಗುತ್ತಲೇ ಇತ್ತು. ಇತ್ತ ರಾಣೆಬೆನ್ನೂರಿನಲ್ಲಿ ಎದುರಂಗಡಿಯವರು “ಸಾಹುಕಾರ್ರು ಹಡಗ ಹತ್ಯಾರೋ ಇಲ್ಲೋ?” ಎಂದು ಅನುಮಾನಿಸತೊಡಗಿದ್ದರು.

ಕಾರಣ ಆಕಾಶದಲ್ಲಿದೆ. ನಡುಗಡಲಿನಲ್ಲಿ ಟವರ್ ಇಲ್ಲ, ಎಲ್ಲವೂ ಉಪಗ್ರಹದ ಮೂಲಕ ಬರಬೇಕು. ಹಳೆಯ ಪದ್ಧತಿಯ ಉಪಗ್ರಹ ಇರುವುದು ಭೂಮಿಯಿಂದ 35,786 ಕಿ.ಮೀ. ಎತ್ತರದಲ್ಲಿ. ನಮ್ಮ ಸಂದೇಶ ಮೇಲೆ ಹೋಗಿ ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳುವಷ್ಟರಲ್ಲಿ, ಬೆಳಕಿನ ವೇಗದಲ್ಲಿ ಓಡಿದರೂ ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಆ ಇಕ್ಕಟ್ಟಾದ ದಾರಿಯನ್ನು ಸಾವಿರಾರು ಪ್ರಯಾಣಿಕರು ಒಟ್ಟಿಗೇ ಹಂಚಿಕೊಳ್ಳುವುದು ಬೇರೆ. ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳು ಬಂದ ಮೇಲೆ ಸ್ಥಿತಿ ಸುಧಾರಿಸಿದೆ. ರಾಯಲ್ ಕೆರಿಬಿಯನ್ 2022ರಲ್ಲಿ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುವ ತೀರ್ಮಾನ ಮಾಡಿತು, ಬೇರೆಯವರೂ ಹಿಂದೆಯೇ ಹೊರಟರು. ಬುಕ್ ಮಾಡುವಾಗ ಈಜುಕೊಳದ ಫೋಟೊ ನೋಡುವ ಬದಲು ‘ನಿಮ್ಮ ಹಡಗಿನಲ್ಲಿ ಯಾವ ಉಪಗ್ರಹ?’ ಎಂದು ಕೇಳಿ. ಏಜೆಂಟನಿಗೆ ಗೊತ್ತಿರುವುದಿಲ್ಲ. ಆದರೂ ನಿಮ್ಮ ಬಗ್ಗೆ ಭಯ ಹುಟ್ಟುತ್ತದೆ.

ವೈಫೈ ಪ್ಯಾಕನ್ನು ಹಡಗು ಹತ್ತುವ ಮೊದಲೇ ಕೊಂಡರೆ ಬಹಳ ಕಡೆ ಅಗ್ಗ. ಮೆಸೇಜಿಗೆ ಮಾತ್ರ ಸಾಕಾಗುವ ಪ್ಯಾಕ್ ಬೇರೆ, ವಿಡಿಯೊ ಕಾಲ್ ನಡೆಯುವ ಪ್ಯಾಕ್ ಬೇರೆ. ಒಂದು ಫೋನಿನ ಪ್ಯಾಕ್ ಕೊಂಡು, ಒಂದರಿಂದ ಲಾಗ್‌ಔಟ್ ಮಾಡಿ ಇನ್ನೊಂದರಲ್ಲಿ ಲಾಗಿನ್ ಆಗಲು ಹಲವರು ಬಿಡುತ್ತಾರೆ. ಅಕ್ಕಾರು ಹಾಗೆಯೇ ಮಾಡಿದರು. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದರ ಬರುವ ಹೊತ್ತಿಗೆ ವೈಫೈ ಅವರ ಫೋನಿನಲ್ಲಿ. ಉಳಿದ ಹೊತ್ತು ಸಾಹುಕಾರರಿಗೆ, ಅದೂ ಬೆಳಗ್ಗೆ ಜನ ಏಳುವ ಮುಂಚೆ, ವೇಗ ಚೆನ್ನಾಗಿರುವಾಗ. ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸ್ಆ್ಯಪ್ಪಿನ ತಾನಾಗಿಯೇ ಡೌನ್‌ಲೋಡ್ ಆಗುವ ವ್ಯವಸ್ಥೆ, ಎಲ್ಲವನ್ನೂ ಮನೆಯಲ್ಲೇ ಆರಿಸಿ ಹೋಗಬೇಕು. ಇಲ್ಲವಾದರೆ ಬೀಗರ ಗುಂಪಿನ ಶುಭೋದಯದ ಚಿತ್ರಗಳೇ ಪ್ಯಾಕನ್ನು ತಿಂದು ತೇಗುತ್ತವೆ. ಹಡಗಿನ ಸ್ವಂತ ಆ್ಯಪ್ ಮಾತ್ರ ಸಾಮಾನ್ಯವಾಗಿ ಪ್ಯಾಕ್ ಇಲ್ಲದೆಯೂ ಹಡಗಿನ ವೈಫೈಯಲ್ಲಿ ತೆರೆಯುತ್ತದೆ. ಯಾವ ಹೊತ್ತಿಗೆ ಯಾವ ನಾಟಕ, ಎಲ್ಲಿ ಊಟ, ಎಲ್ಲ ಅದರಲ್ಲಿರುತ್ತದೆ.

ಫೋನ್ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ದಡ ಬಿಟ್ಟು ದೂರ ಹೋದ ಮೇಲೆ ಹಡಗಿನದೇ ಮೊಬೈಲ್ ಸಿಗ್ನಲ್ ಚಾಲೂ ಆಗುತ್ತದೆ. ಫೋನಿನಲ್ಲಿ ಕಡ್ಡಿಗಳು ತುಂಬಿದ್ದು ಕಂಡು ಹಿಗ್ಗಿದಿರೋ, ನೀವು ಊರು ಮುಟ್ಟುವ ಮೊದಲೇ ಬಿಲ್ಲು ಊರು ಮುಟ್ಟಿರುತ್ತದೆ. ಸಿಂಗಪುರಕ್ಕೆ, ಥಾಯ್ಲೆಂಡಿಗೆ ಎಂದು ಹಾಕಿಸಿದ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಹಡಗಿಗೆ ನಡೆಯುವುದಿಲ್ಲ. ಇನ್ನೊಂದು ತೊಡಕು ಓಟಿಪಿಯದು. ಬ್ಯಾಂಕಿನ ಓಟಿಪಿ ಸಿಮ್ಮಿಗೆ ಎಸ್‌ಎಂಎಸ್ ಆಗಿ ಬರಬೇಕು, ಹಡಗಿನ ವೈಫೈಗೂ ಅದಕ್ಕೂ ಸಂಬಂಧವಿಲ್ಲ. ಸಾಹುಕಾರರು ನಡುಗಡಲಿನಲ್ಲಿ ಗೋಡೌನ್ ಬಾಡಿಗೆ ಕಟ್ಟಲು ಹೋಗಿ ಓಟಿಪಿಗಾಗಿ ಕೂತದ್ದನ್ನು ನೆನೆದು, ಕಟ್ಟುವ ಬಾಕಿಯನ್ನೆಲ್ಲ ದಡದಲ್ಲೇ ಕಟ್ಟಿ ಹೊರಡಿ. ಕೊಡದಿರುವ ಬಾಕಿಗೆ ಇದು ಒಳ್ಳೆಯ ನೆಪವೂ ಹೌದೆಂದು ಕೆಲವರು ಆಗಲೇ ಗುರುತು ಹಾಕಿಕೊಳ್ಳುತ್ತಿರುವುದು ವೇದಿಕೆಯಿಂದ ಕಾಣುತ್ತಿದೆ.

ಊಟದ ಬಗ್ಗೆ ಸಾಹುಕಾರರೇ ಮಾತಾಡಲಿದ್ದಾರೆ, ಹಾಗಾಗಿ ನಾನು ಒಂದೇ ಪ್ರಸಂಗಕ್ಕೆ ಕೈಹಾಕುತ್ತೇನೆ. ಬಫೆಯಲ್ಲಿ ಒಂದು ಕೆಂಪು ಗ್ರೇವಿ ಇತ್ತು. ಅಕ್ಕಾರು ಚಮಚದಲ್ಲಿ ಎತ್ತಿ, ದೀಪಕ್ಕೆ ಹಿಡಿದು, ತುದಿನಾಲಗೆಗೆ ಮುಟ್ಟಿಸಿ, “ಬಣ್ಣ ನಮ್ದ ಇದ್ದಂಗೈತಿ, ಖಾರ ಯಾರದೋ” ಎಂದರು. ಅದು ಬರೀ ಊರಭಿಮಾನವಲ್ಲ. 2011ರಲ್ಲಿ ಜಿಐ ಮುದ್ರೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಬಣ್ಣ ಜಾಸ್ತಿ, ಖಾರ ಕಮ್ಮಿ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ದೇಶವಿದೇಶದ ಅಡುಗೆಗೂ ತುಟಿಬಣ್ಣಕ್ಕೂ ಹೋಗುತ್ತದೆ. ನಮಗಿಂತ ಮೊದಲೇ ನಮ್ಮ ಮೆಣಸಿನಕಾಯಿ ಹಡಗು ಹತ್ತಿತ್ತು, ವೈಫೈ ಕೇಳದೆ.

ಬಫೆ, ಚಹಾ, ನಾಟಕ, ಈಜುಕೊಳ ಟಿಕೆಟ್ಟಿನಲ್ಲೇ ಬಂದವು. ಸ್ಪಾ, ವಿಶೇಷ ಹೋಟೆಲು, ಕೋಣೆಯ ಫ್ರಿಜ್ಜಿನ ಬಾಟಲಿ, ಮೆಟ್ಟಿಲ ಬಳಿ ನಿಂತು ಅವರೇ ತೆಗೆದ ನಿಮ್ಮ ಫೋಟೊ ಹೊರಗಿನವು. ಕೈಯಲ್ಲಿ ರೊಕ್ಕ ಹಿಡಿಯಬೇಕಾಗಿಲ್ಲ, ಕೋಣೆಯ ಕಾರ್ಡನ್ನು ಮುಟ್ಟಿಸಿದರಾಯಿತು. ಅಪಾಯ ಇರುವುದೂ ಅಲ್ಲೇ. ಅಕ್ಕಾರು ಪ್ರತಿ ರಾತ್ರಿ ಆ್ಯಪ್‌ನಲ್ಲಿ ಲೆಕ್ಕ ತೆಗೆದು ನೋಡಿದರು. ಕುಡಿಯದ ಒಂದು ಬಾಟಲಿಯ ಬಾಬತ್ತು ಕಂಡಾಗ ಇಳಿಯುವ ಹಿಂದಿನ ದಿನವೇ ಹೋಗಿ ತೆಗೆಸಿದರು. ಇಳಿಯುವ ಬೆಳಗ್ಗೆ ಹೋಗಿದ್ದರೆ ಲೆಕ್ಕದ ಕೌಂಟರಿನ ಸಾಲು ಉದ್ದ, ಹಡಗಿನವರ ತಾಳ್ಮೆ ಗಿಡ್ಡ.

ಬಂದರಿನಲ್ಲಿ ಇಳಿದವರು ಕೈಗಡಿಯಾರ ಕಟ್ಟಿಕೊಳ್ಳಿ. ಫೋನು ಊರೂರಿಗೆ ಗಂಟೆ ಬದಲಿಸುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಥಾಯ್ಲೆಂಡ್ ಒಂದೂವರೆ ಗಂಟೆ ಮುಂದೆ. ಹಡಗು ಹೊರಡುವುದು ಹಡಗಿನ ಗಂಟೆಗೆ. ಅದು ಕಂಡಕ್ಟರ್ ಸೀಟಿ ಹೊಡೆದರೆ ನಿಲ್ಲುವ ಗಾಡಿಯಲ್ಲ.

ಇಷ್ಟು ಹೇಳಿ, ಶಾಲು, ಏಲಕ್ಕಿ ಹಾರ, ಫಲಪುಷ್ಪಗಳೊಂದಿಗೆ ಈ ಬಿನ್ನವತ್ತಳೆಯನ್ನು ದಂಪತಿಗೆ ಒಪ್ಪಿಸುತ್ತಿದ್ದೇವೆ. ಫೋಟೊದಲ್ಲಿ ಬಿನ್ನವತ್ತಳೆ ಯಾರ ಕೈಯಲ್ಲಿ ಇರಬೇಕೆಂದು ಛಾಯಾಗ್ರಾಹಕರು ಕೇಳುತ್ತಿದ್ದಾರೆ. ಅಕ್ಕಾರ ಕೈಯಲ್ಲಿ ಇರಲಿ, ಸಾಹುಕಾರರು ಶಾಲು ಹಿಡಿದುಕೊಳ್ಳಲಿ. ಮುಂದಿನ ವರ್ಷ ಮೂರೂರಿನಿಂದ ಒಂದು ಗುಂಪನ್ನೇ ಹೊರಡಿಸಬೇಕೆಂಬ ಠರಾವನ್ನು ಸಭೆ ಕೈಯೆತ್ತಿ ಒಪ್ಪಿದೆ. ಮಂಗಳೂರಿನ ಬಂದರಿಗೆ ಚಳಿಗಾಲದಲ್ಲಿ ಬಿಳಿಯರು ಹಡಗಿನಲ್ಲಿ ಬಂದು ಮೂಡುಬಿದಿರೆಯ ಬಸದಿ ನೋಡಿ ಹೋಗುತ್ತಾರೆ, ನಾವೇನು ಕಡಿಮೆ ಎಂಬ ವಾದಕ್ಕೆ ಭಾರೀ ಚಪ್ಪಾಳೆ ಬಿದ್ದದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಾಗಿದೆ. ಹೆಸರು ಬರೆಸುವವರು ಬಾಗಿಲ ಬಳಿಯ ಮೇಜಿನಲ್ಲಿ ಬರೆಸಬಹುದು. ಮುಂಗಡ ಮಾತ್ರ ಯಾರೂ ಕೊಡಬೇಡಿ, ಕ್ಯಾನ್ಸಲ್ ಮಾಡಿದರೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬ ಪುಟವನ್ನು ಅಕ್ಕಾರು ಇನ್ನೂ ಓದುತ್ತಿದ್ದಾರೆ.