ಪರದೇಶದ ಹೊಲಕ್ಕೆ ಹಕ್ಕುವಿಮೆ: ಅಂತೂರ-ಬೆಂತೂರ ಸೀಮೆಯನ್ನು ಕುರಿತು ಒಂದು ಶಾಸ್ತ್ರವಿಚಾರ

ವ್ಯಾಖ್ಯೆ

ಮಾರಿದವನ ಹಕ್ಕಿನಲ್ಲಿ ಹಿಂದೆಂದೋ ಇದ್ದ ದೋಷವು ಮುಂದೆಂದೋ ಎದ್ದುಬಂದು ಕೊಂಡವನಿಗೆ ನಷ್ಟವಾದರೆ, ಅದನ್ನು ತುಂಬಿಕೊಡುವೆನೆಂದು ಕಂಪನಿಯೊಂದು ಬರೆದುಕೊಡುವ ಕರಾರಿಗೆ ಹಕ್ಕುವಿಮೆ, ಅಂದರೆ ಟೈಟಲ್ ಇನ್ಶುರೆನ್ಸ್, ಎಂದು ಹೆಸರು. ಬೆಳೆವಿಮೆ, ಜೀವವಿಮೆಗಳು ಇನ್ನು ಆಗಬಹುದಾದದ್ದಕ್ಕೆ ಹೆದರಿ ಹುಟ್ಟಿದವಾದರೆ ಇದು ಆಗಿಹೋದದ್ದಕ್ಕೆ ಹೆದರಿ ಹುಟ್ಟಿದ್ದು. ಇದರ ಕಂತನ್ನು ಖರೀದಿಯ ಹೊತ್ತಿಗೆ ಒಮ್ಮೆ ಕಟ್ಟಿದರೆ ಸಾಕಾಗುವುದು, ಸತ್ತ ಅಜ್ಜಂದಿರು ಹೊಸದಾಗಿ ತಪ್ಪು ಮಾಡಲಾರರೆಂಬ ಭರವಸೆಯಿಂದ. 1868ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ನ್ಯಾಯಾಲಯವು, ಕಾಗದಪತ್ರ ನೋಡಿ ನಿಷ್ಠೆಯಿಂದಲೇ ತಪ್ಪು ಹೇಳಿದವನು ಕೊಂಡವನ ನಷ್ಟಕ್ಕೆ ಹೊಣೆಯಲ್ಲವೆಂದು ತೀರ್ಪಿತ್ತದ್ದರಿಂದ ಕಂಗಾಲಾದ ಖರೀದಿದಾರರಿಗಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ವಿಮೆಯ ಮೊದಲ ಕಂಪನಿ ಬಾಗಿಲು ತೆರೆಯಿತು.

ಇನ್ನು ತಲೆಬರಹದಲ್ಲಿರುವ ಪರದೇಶವನ್ನು ಮೈಲಿಯಿಂದ ಅಳೆಯುವುದು ಅಶಾಸ್ತ್ರೀಯ. 1948ಕ್ಕೆ ಮೊದಲು ಗದಗ-ಬೆಟಗೇರಿಗಳು ಮುಂಬಯಿ ಇಲಾಖೆಯಲ್ಲಿದ್ದಾಗ, ಗದಗದ ಮಗ್ಗುಲಿನ ಈ ಅಂತೂರ-ಬೆಂತೂರ ಸೀಮೆಯ ರೈತನು ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟರೆ ಶಿರಹಟ್ಟಿಯಲ್ಲಿ ಸಾಂಗಲಿ ಸಂಸ್ಥಾನವನ್ನೂ, ಲಕ್ಷ್ಮೇಶ್ವರದಲ್ಲಿ ಮಿರಜ ಸಂಸ್ಥಾನವನ್ನೂ, ಮುಂಡರಗಿಯಾಚೆ ಕೊಪ್ಪಳದ ಕಡೆಗೆ ಹೊರಳಿದರೆ ನಿಜಾಮನ ರಾಜ್ಯವನ್ನೂ, ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಇಲಾಖೆಯನ್ನೂ ಕಾಣುತ್ತಿದ್ದನಾಗಿ, ಬೀಗರ ಊರಿನ ಜಾತ್ರೆಗೆ ಹೋಗಿಬಂದವನೂ ವಿದೇಶ ಪ್ರವಾಸಿಯೇ ಆಗಿದ್ದನು. 1948ರ ವಿಲೀನ ಮತ್ತು 1956ರ ನವೆಂಬರ್ 1ರ ಏಕೀಕರಣಗಳು ಈ ಪರದೇಶಗಳನ್ನೆಲ್ಲ ಒಂದೇ ರಾಜ್ಯಕ್ಕೆ ಸೇರಿಸಿದವು. ಈಗ ಟೆಕ್ಸಾಸಿನಲ್ಲಿ ನೆಲೆಸಿದ ಮಗನು ಅಲ್ಲಿ ಹಕ್ಕುವಿಮೆ ಸಹಿತ ಮನೆ ಕೊಳ್ಳಬಲ್ಲನಾದರೂ, ವಿದೇಶಿ ವಿನಿಮಯದ ನಿಯಮದಂತೆ ಅಂತೂರಿನಲ್ಲಿ ಕೃಷಿಭೂಮಿಯನ್ನು ವಾರಸಾದಿಂದ ಪಡೆಯಬಹುದೇ ಹೊರತು ಖರೀದಿಸಲಾರನಾದ್ದರಿಂದ, ಅವನ ಪಾಲಿಗೆ ಹುಟ್ಟಿದೂರೇ ಪಕ್ಕಾ ಪರದೇಶ.

ಶಾಪವಿಮೆ

ಫಿಲಡೆಲ್ಫಿಯಾದವರು ತಾವೇ ಮೊದಲಿಗರೆಂದು ಬೀಗಲು ಈ ಸೀಮೆಯ ಕಲ್ಲುಗಳು ಬಿಡುವುದಿಲ್ಲ. ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳಲ್ಲಿ ಹೇರಳವಾಗಿರುವ ದತ್ತಿಶಾಸನಗಳ ಜಾತಿಯಲ್ಲಿ, ಇಷ್ಟು ಮತ್ತರು ಭೂಮಿಯನ್ನು ಇಂಥ ದೇವರಿಗೆ ಬಿಟ್ಟೆವೆಂದು ಬರೆದ ಮೇಲೆ, ಕೊನೆಯಲ್ಲಿ ಶಾಪಾಶಯ ಎಂಬ ಭಾಗವೊಂದು ಬರುವುದು ವಾಡಿಕೆ. ಅದರಂತೆ, ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳವಾಗಿ ಹುಟ್ಟತಕ್ಕದ್ದು. ಕಲ್ಲಿನ ತಲೆಯ ಮೇಲೆ ಕೆತ್ತಿದ ಸೂರ್ಯಚಂದ್ರರು ಕರಾರಿನ ಅವಧಿಯನ್ನು, ಅಂದರೆ ಆಚಂದ್ರಾರ್ಕವನ್ನು, ಸೂಚಿಸುತ್ತಾರೆ. ಹೊಲದ ಎಲ್ಲೆಗೆ ನೆಟ್ಟ ಲಿಂಗಮುದ್ರೆ ಕಲ್ಲು ಶೈವರ ಭೂಮಿಯನ್ನೂ ಮುಕ್ಕೊಡೆ ಕಲ್ಲು ಜೈನರ ಭೂಮಿಯನ್ನೂ ಓದುಬರಹ ಬಾರದವನಿಗೂ ತಿಳಿಸುತ್ತವೆ. 1963ರ ಕಾಲಮಿತಿ ಕಾಯ್ದೆಯಂತೆ ಸ್ವಾಧೀನದ ದಾವೆಗೆ 12 ವರ್ಷ ಮಾತ್ರ ಅವಕಾಶವಿರುವುದನ್ನು ನೆನೆದರೆ, ಹುಳದ ಅವಧಿಯು ಅದರ 5,000 ಪಟ್ಟು ಹೆಚ್ಚೆಂಬುದು ಲೆಕ್ಕಕ್ಕೆ ಸಿಗುತ್ತದೆ. ಈ ವಿಮೆಗೆ ಕಂತಿಲ್ಲ, ಏಜೆಂಟನಿಲ್ಲ. ಆದರೆ ಇದು ದಾನದ ಭೂಮಿಗೆ ಮೀಸಲಾಗಿತ್ತೆಂಬುದೂ, ಅಪಹರಿಸಿದವನು ಹುಳವಾದ ಮಾತ್ರಕ್ಕೆ ಹೊಲವು ಕಳಕೊಂಡವನ ಹೆಸರಿಗೆ ಏರುತ್ತಿರಲಿಲ್ಲವೆಂಬುದೂ ಇದರ ಎರಡು ಕುಂದುಗಳು.

ಕಾಗದವಿಮೆ

ಶಾಪದ ಭಯ ಕಡಿಮೆಯಾದಂತೆ ಕಾಗದದ ಭಕ್ತಿ ಬೆಳೆಯಿತು. ಸರಕಾರವು ಪಹಣಿಯೆಂದೂ ಸೀಮೆಯ ಜನರು ಉತಾರವೆಂದೂ ಕರೆಯುವ ಹಾಳೆಯು ಕಾಗದಗಳಲ್ಲಿ ಹಿರಿಯದು. ಅದರ 9ನೇ ಕಾಲಂ ಮಾಲೀಕನ ಹೆಸರನ್ನು ಹೇಳಿ ಹಿಗ್ಗಿಸಿದರೆ, 11ನೇ ಕಾಲಂ ಸೊಸೈಟಿ, ಬ್ಯಾಂಕುಗಳ ಬೋಜಾವನ್ನು, ಅಂದರೆ ಸಾಲದ ಹೊರೆಯನ್ನು, ತೋರಿಸಿ ಕುಗ್ಗಿಸುತ್ತದೆ. ದೇಶದ ಕೃಷಿ ಸಹಕಾರ ಚಳವಳಿಗೆ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳವೇ ನಾಂದಿ ಹಾಡಿತೆಂಬ ಪ್ರತೀತಿ ಇರುವುದರಿಂದ, ಬೋಜಾದ ವಿಷಯದಲ್ಲಿ ಈ ಸೀಮೆಗೆ ಹಿರಿತನ ಸಲ್ಲಬೇಕು. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಉತಾರದ ನಮೂದನ್ನು, ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕೆಂದು ವಿಧಿಸುತ್ತದೆ. ಸಬ್ ರಜಿಸ್ಟ್ರಾರರು ನೋಂದಾಯಿಸುವುದು ಖರೀದಿ ಪತ್ರವನ್ನೇ ಹೊರತು ಮಾಲಕಿಯನ್ನಲ್ಲ, ಇ.ಸಿ.ಯು, ಅಂದರೆ ಋಣಭಾರ ಪತ್ರವು, ನೋಂದಾಯಿತ ವ್ಯವಹಾರಗಳನ್ನು ತೋರಿಸುವುದೇ ಹೊರತು ಕಟ್ಟೆಯ ಮೇಲೆ ಪಂಚರ ಮುಂದೆ ಬಾಯಿಮಾತಿನಲ್ಲಿ ಆದ ವಾಟ್ನಿಯನ್ನು, ಅಂದರೆ ಆಸ್ತಿಯ ಪಾಲನ್ನು, ಅಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆಯು ಉತಾರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಾಗ, ತಲಾಟಿಯ, ಅಂದರೆ ಗ್ರಾಮಲೆಕ್ಕಿಗನ, ಕೈಬರಹದಲ್ಲಿ ಅಡಗಿದ್ದ ತಪ್ಪುಗಳು ಕೂಡ ಅಚ್ಚುಕಟ್ಟಾಗಿ ಓದಲು ಬಂದವು.

ಆಕ್ಷೇಪ ಮತ್ತು ಸಮಾಧಾನ

ಹಾಗಾದರೆ ಹಕ್ಕುವಿಮೆಯನ್ನೇ ಕೊಳ್ಳಬಾರದೇಕೆ ಎಂಬುದು ಪೂರ್ವಪಕ್ಷ. 2016ರ ರೇರಾ ಕಾಯ್ದೆಯ 16ನೇ ಕಲಮು, ಸರಕಾರ ಅಧಿಸೂಚಿಸಿದರೆ, ಭೂಮಿಯ ಹಕ್ಕಿಗೆ ವಿಮೆ ಮಾಡಿಸಬೇಕೆಂದು ಹೇಳುವುದು ನಿಜವಾದರೂ, ಆ ಮಾತು ಲೇಔಟು, ಅಪಾರ್ಟ್‌ಮೆಂಟು ಕಟ್ಟುವವರಿಗೆ ಅನ್ವಯಿಸುವುದೇ ಹೊರತು ಹೆಸರು, ಶೇಂಗಾ ಬೆಳೆಯುವ ಎರಿ ಹೊಲಕ್ಕಲ್ಲ. ಅದಕ್ಕಿಂತ ದೊಡ್ಡ ತೊಡಕು ಕರಾರಿನಲ್ಲಿಯೇ ಇದೆ: ಕೊಳ್ಳುವವನಿಗೆ ಮೊದಲೇ ಗೊತ್ತಿದ್ದು ಕಂಪನಿಗೆ ಹೇಳದೆ ಮುಚ್ಚಿಟ್ಟ ದೋಷಕ್ಕೆ ಪರಿಹಾರವಿಲ್ಲ, ಹೇಳಿದ ದೋಷವನ್ನು ಕಂಪನಿಯು ವಿಮೆಯಿಂದ ಹೊರಗಿಡುತ್ತದೆ. ಅಂತೂರ-ಬೆಂತೂರದಲ್ಲಿ ಕೊಳ್ಳುವವನಿಗೆ ಗೊತ್ತಿಲ್ಲದ್ದು ಯಾವುದು? ಮಾರುವವನ ಅಜ್ಜನಿಗೆ ಇಬ್ಬರು ಹೆಂಡಂದಿರೆಂಬುದೂ, ಬಾಂದುಗಲ್ಲು ಪ್ರತಿ ಹರಗುವಿಕೆಗೆ ಒಂದು ಗೇಣು ಮೂಡಲಿಗೆ ಸರಿಯುವುದೆಂಬುದೂ, ಅಕ್ಕನು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಲ್ಲವೆಂಬುದೂ ಚಹಾದ ಅಂಗಡಿಯಲ್ಲಿ ನಿತ್ಯ ಪಾರಾಯಣವಾಗುವ ಸಂಗತಿಗಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟು, ತಂದೆ ಆಗ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲಂತೂ, ನಾಗರ ಪಂಚಮಿಯು ಈ ಸೀಮೆಯ ವಾರ್ಷಿಕ ಹಕ್ಕುತಪಾಸಣೆಯಾಗಿ ಮಾರ್ಪಟ್ಟಿದೆ. ತವರಿಗೆ ಬಂದ ಅಕ್ಕನು ಜೋಕಾಲಿ ಜೀಕಿ, ಶೇಂಗಾ ಉಂಡಿ ಮುರಿಯುತ್ತ, “ಈ ಸಲ ಹೆಸರು ಹೆಂಗದಪಾ ತಮ್ಮಾ?” ಎಂದು ಕೇಳಿದೊಡನೆ ತಮ್ಮನು ಮಳೆಯ ಅಭಾವವನ್ನು ಕುರಿತು ದೀರ್ಘವಾಗಿ ಮಾತಾಡತೊಡಗುವುದನ್ನು ಯಾವ ಮನೆಯ ಪಡಸಾಲೆಯಲ್ಲಾದರೂ ಪರೀಕ್ಷಿಸಬಹುದು.

ಸಿದ್ಧಾಂತ

ಹಕ್ಕುವಿಮೆಯು ಗೊತ್ತಿಲ್ಲದ್ದರ ವ್ಯಾಪಾರ. ಈ ಸೀಮೆಯಲ್ಲಿ ಗೊತ್ತಿಲ್ಲದ್ದು ಇಲ್ಲ, ಬರೆದಿಡದ್ದು ಮಾತ್ರ ಇದೆ. ಆದ್ದರಿಂದ ಸಂಚಕಾರ ಕೊಡುವ ಮೊದಲು ಹಳೆಯ ಉತಾರಗಳನ್ನು ತೆಗೆಸಿ, ಸರ್ವೆಯವರಿಂದ ಹೊಲ ಅಳೆಯಿಸಿ, ಪತ್ರಿಕೆಯಲ್ಲಿ ಜಾಹೀರು ನೋಟಿಸು ಕೊಟ್ಟು, ಚಕ್ಕುಬಂದಿಯ ನಾಲ್ಕೂ ದಿಕ್ಕಿನ ಹೊಲದವರನ್ನು ಸಾಕ್ಷಿಗೆ ಕರೆದು, ಅಕ್ಕತಂಗಿಯರಿಗೆ ಅವರ ಪಾಲಿನ ಹಣವನ್ನು ಎಣಿಸಿಕೊಟ್ಟು ಖರೀದಿ ಪತ್ರಕ್ಕೆ ಅವರ ಸಹಿಯನ್ನೂ ಪಡೆಯತಕ್ಕದ್ದು. ಇಷ್ಟನ್ನೂ ಮಾಡಿದವನ ಹೊಲಕ್ಕೆ ವಿಮೆ ಕೊಡಲು ಕಂಪನಿಗಳು ಸಾಲುಗಟ್ಟುತ್ತವೆ, ಅವನಿಗೆ ಅದು ಬೇಕಾಗುವುದಿಲ್ಲ. ಮಾಡದವನಿಗೆ ಅದು ಬೇಕಾಗುತ್ತದೆ, ಯಾವ ಕಂಪನಿಯೂ ಕೊಡುವುದಿಲ್ಲ.